ಎಡಹೆಗಲಿನ ಪಟ್ಟಿ

ನಾಲ್ಕು ತಿಂಗಳ ಹಿಂದೆ ನಾನು ಡೀಕನ್ ಆದೆ. ಈ ಮಾತನ್ನು ಕೇಳಿದ ಕ್ರೈಸ್ತೇತರ ಮಿತ್ರರು, 'ಹಾಗೆಂದರೆ ಪಾದ್ರಿಯೇ?' ಎಂದು ಪ್ರಶ್ನಿಸುತ್ತಾರೆ. ಅಲ್ಲವೆಂದರೆ, 'ಹಾಗಾದರೆ ಇನ್ನೂ ವಿದ್ಯಾರ್ಥಿಯೇ?' ಎನ್ನುತ್ತಾರೆ. ಅದಕ್ಕೂ ಪೂರ್ತಿಯಾಗಿ ಹೌದೆನ್ನುವಂತಿಲ್ಲ. ಈ ಎರಡು ಪ್ರಶ್ನೆಗಳ ನಡುವೆ ಬಾಳುವುದನ್ನು ಕಲಿಯುತ್ತಿರುವವನ ಅನುಭವವನ್ನು ತಮ್ಮ ಮುಂದೆ ಇಡಬೇಕೆಂಬುದೇ ಈ ಹೊತ್ತಿನ ನನ್ನ ಅಪೇಕ್ಷೆ.

ಡೀಕನ್ ಎಂಬ ಶಬ್ದಕ್ಕೆ ಮೂಲ ಗ್ರೀಕಿನ 'ದಿಯಾಕೊನೊಸ್'. ಸೇವಕ, ಪರಿಚಾರಕ ಎಂದು ಅದರ ಅರ್ಥ. ಜೆರುಸಲೇಮಿನ ಮೊದಲ ಕ್ರೈಸ್ತರಲ್ಲಿ ದಿನನಿತ್ಯದ ಆಹಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಅನ್ಯಾಯವಾಗುತ್ತಿದೆಯೆಂಬ ದೂರು ಹುಟ್ಟಿತು. ಆ ಕೆಲಸವನ್ನು ನೋಡಿಕೊಳ್ಳಲು ಏಳು ಮಂದಿಯನ್ನು ಆರಿಸಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆಂದು 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದ ಆರನೆಯ ಅಧ್ಯಾಯ ಹೇಳುತ್ತದೆ. ಡೀಕನರ ಮೂಲವನ್ನು ನಮ್ಮ ಪರಂಪರೆ ಕಾಣುವುದು ಈ ಏಳು ಮಂದಿಯಲ್ಲಿ. ಮುಂದೆ ಶತಮಾನಗಳು ಕಳೆದಂತೆ ಪಶ್ಚಿಮದ ಧರ್ಮಸಭೆಯಲ್ಲಿ ಈ ಪದವಿ ಗುರುದೀಕ್ಷೆಗೆ ಏರುವ ಒಂದು ಮೆಟ್ಟಿಲು ಮಾತ್ರವಾಗಿ ಉಳಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ಆಶಯದಂತೆ 1967ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಇದನ್ನು ಜೀವನಪರ್ಯಂತದ ಸೇವೆಯಾಗಿ ಮರಳಿ ತೆರೆದರು, ವಿವಾಹಿತರಿಗೂ ಅವಕಾಶವಾಯಿತು. ನಮ್ಮಂಥ ಸೆಮಿನರಿಯ ವಿದ್ಯಾರ್ಥಿಗಳಿಗಾದರೋ ಇದು ಇಂದಿಗೂ ಮೆಟ್ಟಿಲೇ. ಈ ದೀಕ್ಷೆಗೂ ಗುರುದೀಕ್ಷೆಗೂ ನಡುವೆ ಕನಿಷ್ಠ ಆರು ತಿಂಗಳ ಅಂತರವಿರಬೇಕೆಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ.

ದೀಕ್ಷೆಯ ದಿನ ನಾನು ದೇವಾಲಯದ ನೆಲದ ಮೇಲೆ ಬೋರಲಾಗಿ ಮಲಗಿದ್ದೆ. ನೆರೆದವರು ಸಂತರ ಹೆಸರುಗಳನ್ನು ಒಂದೊಂದಾಗಿ ಹಾಡುತ್ತಿದ್ದರು. ಆಮೇಲೆ ಧರ್ಮಾಧ್ಯಕ್ಷರು ಮೌನವಾಗಿ ತಲೆಯ ಮೇಲೆ ಕೈಯಿಟ್ಟರು. ಬ್ರಹ್ಮಚರ್ಯ, ವಿಧೇಯತೆಗಳ ಮಾತು ಕೊಟ್ಟಾಗಿತ್ತು. ಎಡಹೆಗಲಿನಿಂದ ಬಲಮಗ್ಗುಲಿಗೆ ಓರೆಯಾಗಿ ಇಳಿಯುವ ಪಟ್ಟಿಯನ್ನು ತೊಡಿಸಿದರು. ಗುರುಗಳಾದವರಿಗೆ ಅದು ಕೊರಳನ್ನು ಬಳಸಿ ಎರಡೂ ಹೆಗಲಿನಿಂದ ಇಳಿಯುತ್ತದೆ.

ಮರುದಿನ ಮನೆಯಲ್ಲಿ ಅಮ್ಮ ತಟ್ಟೆಯಿಟ್ಟು, "ಊಟ ಮಾಡಿ ಸ್ವಾಮಿ" ಎಂದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಗುರುಗಳನ್ನು ಹಾಗೆ ಕರೆಯುವುದು ರೂಢಿ. ನನಗೆ ತುತ್ತು ಇಳಿಯಲಿಲ್ಲ. "ಅಮ್ಮಾ, ನಾನಿನ್ನೂ ಸ್ವಾಮಿ ಆಗಿಲ್ಲ" ಎಂದೆ. "ನಿನಗಲ್ಲ ಕಣಪ್ಪ, ನಿನ್ನೆ ಹಾಕಿದರಲ್ಲ, ಆ ಪಟ್ಟಿಗೆ ಹೇಳಿದ್ದು" ಎಂದು ಅವರು ನಕ್ಕರು.

ಸೆಮಿನರಿಗೆ ಮರಳಿದೆ. ಅದೇ ಕೋಣೆ, ಅದೇ ಗಂಟೆ, ಅದೇ ಪರೀಕ್ಷೆಯ ಭಯ. ಬೆಳಗಿನ ಬಲಿಪೂಜೆಯಲ್ಲಿ ಶುಭಸಂದೇಶವನ್ನು ಓದಿ ಪ್ರಬೋಧನೆ ಮಾಡಿದವನೇ ಒಂಬತ್ತು ಗಂಟೆಗೆ ಬೆಂಚಿನ ಮೇಲೆ ಕುಳಿತು, ಆ ಪ್ರಬೋಧನೆಯ ತಪ್ಪುಗಳನ್ನು ಅಧ್ಯಾಪಕರ ಬಾಯಿಂದ ಕೇಳಬೇಕು. ನಿನ್ನೆಯವರೆಗೆ ಹೆಗಲಮೇಲೆ ಕೈಹಾಕಿ ನಡೆದ ಕಿರಿಯರು ಇಂದು ಎದ್ದು ನಿಲ್ಲುತ್ತಾರೆ. ಜ್ಞಾನಸ್ನಾನ ಕೊಡಬಲ್ಲೆ, ಅಧಿಕಾರ ದೊರೆತರೆ ಮದುವೆ ನಡೆಸಿಕೊಡಬಲ್ಲೆ, ಸತ್ತವರನ್ನು ಮಣ್ಣುಮಾಡಬಲ್ಲೆ. ಆದರೆ ಬಲಿಪೂಜೆಯನ್ನು ಅರ್ಪಿಸಲಾರೆ, ಪಾಪನಿವೇದನೆಯನ್ನು ಕೇಳಲಾರೆ, ರೋಗಿಗೆ ಅಭ್ಯಂಗ ನೀಡಲಾರೆ. ಮೊದಮೊದಲು ಈ 'ಲಾರೆ'ಗಳೇ ನನ್ನನ್ನು ಕಾಡುತ್ತಿದ್ದವು.

ವಾರದ ಕೊನೆಯಲ್ಲಿ ನಮ್ಮನ್ನು ಹಳ್ಳಿಯ ಧರ್ಮಕೇಂದ್ರಗಳಿಗೆ ಕಳುಹಿಸುವುದುಂಟು. ಅಂಥ ಒಂದು ಶನಿವಾರ ಗುರುಗಳು ದೂರದ ಊರಿಗೆ ಹೋಗಿದ್ದಾಗ ಹುಡುಗನೊಬ್ಬ ಓಡಿಬಂದ. ಅವನ ತಾತನಿಗೆ ಕಾಯಿಲೆ ಉಲ್ಬಣಿಸಿತ್ತು. ಗುರುಗಳಿಗೆ ಫೋನು ಮಾಡಿದೆ. ಅವರು ಬರಲು ಎರಡು ಗಂಟೆಯಾದರೂ ಬೇಕಿತ್ತು. ನಾನು ಹುಡುಗನ ಹಿಂದೆ ನಡೆದೆ.

ಮುದುಕರು ಗೋಡೆಗೆ ಒರಗಿ ಕುಳಿತಿದ್ದರು. ನನ್ನ ಬಿಳಿಯ ನಿಲುವಂಗಿಯನ್ನು ಕಂಡೊಡನೆ ಮನೆಯವರನ್ನು ಹೊರಗೆ ಕಳುಹಿಸಿ, ಕೈಮುಗಿದು, "ಸ್ವಾಮಿ, ಬಹಳ ವರ್ಷದ ಹಿಂದಿನ ಮಾತು..." ಎಂದು ಆರಂಭಿಸಿದರು. ಸುಮ್ಮನೆ ಕೇಳಿ ತಲೆಯಾಡಿಸಿದ್ದರೆ ಅವರಿಗೆ ನೆಮ್ಮದಿಯಾಗುತ್ತಿತ್ತು. ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಒಂದು ಕ್ಷಣ ನನ್ನ ಮನಸ್ಸು ಹಾಗೆ ತೂಗಾಡಿದ್ದು ನಿಜ. ಆದರೆ ಅದು ಸಾವಿನ ಹತ್ತಿರವಿರುವವನಿಗೆ ನಾನು ಮಾಡುವ ಮೋಸವಾಗುತ್ತಿತ್ತು. "ತಾತ, ಅದನ್ನು ಕೇಳಿ ಕ್ಷಮೆ ಸಾರುವ ಅಧಿಕಾರ ನನಗಿಲ್ಲ. ಗುರುಗಳು ಬರುತ್ತಿದ್ದಾರೆ, ಅವರಿಗೆ ಹೇಳಿ" ಎಂದೆ.

ಅವರು ನನ್ನನ್ನು ದೀರ್ಘವಾಗಿ ನೋಡಿದರು. "ಹಂಗಾದ್ರೆ ನೀವು ಬಂದದ್ದು ಯಾಕೆ ಸ್ವಾಮಿ?"

ಆರೇಳು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿ ರಾಗಿಗಂಜಿಯ ಲೋಟ ಹಾಗೆಯೇ ಆರಿಹೋಗಿತ್ತು. ಸೊಸೆಯನ್ನು ಕರೆದು ಬಿಸಿಮಾಡಿಸಿ, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸಿದೆ. ಅವರು ಕೇಳಿದಾಗ ಕೀರ್ತನೆಗಳನ್ನು ಓದಿದೆ. ಬೇಡವೆಂದಾಗ ಸುಮ್ಮನೆ ಅವರ ಕೈಹಿಡಿದು ಕುಳಿತೆ. ಕತ್ತಲಾಗುವ ಹೊತ್ತಿಗೆ ಗುರುಗಳು ಬಂದರು. ನಾನು ಎದ್ದು ಹೊರಬಂದು ಜಗಲಿಯ ಮೇಲೆ ಕುಳಿತೆ. ಬಾಗಿಲು ಮುಚ್ಚಿತು.

ಅದೇ ವಾರ ಅವರು ತೀರಿಕೊಂಡರೆಂಬ ಸುದ್ದಿ ಬಂತು. ಅವರು ಹೇಳಹೊರಟಿದ್ದುದು ಏನೆಂದು ನಾನರಿಯೆ, ಅರಿಯಬೇಕಾದುದೂ ಇಲ್ಲ. ಅವರ ಪ್ರಶ್ನೆ ಮಾತ್ರ ನನ್ನೊಡನೆ ಉಳಿದಿದೆ. ಮೊದಲ ಏಳು ಮಂದಿಯನ್ನು ಕರೆದದ್ದೂ ಹಸಿದವರಿಗೆ ಊಟ ಸರಿಯಾಗಿ ಮುಟ್ಟುವಂತೆ ನೋಡಿಕೊಳ್ಳುವುದಕ್ಕೇ ಎಂಬುದು ಪುಸ್ತಕದಲ್ಲಿ ಎಷ್ಟೋ ಸಲ ಓದಿದ ವಿಷಯ. ಅದು ನನಗೆ ಅರ್ಥವಾದದ್ದು ಆ ಗಂಜಿಯ ಲೋಟದ ಮುಂದೆ.

ಇನ್ನು ಕೆಲವು ತಿಂಗಳಲ್ಲಿ, ದೈವಚಿತ್ತವಿದ್ದರೆ, ಪಟ್ಟಿ ಎರಡೂ ಹೆಗಲಿಗೆ ಬಂದೀತು. ಆಗಲೂ ಡೀಕನ್ ದೀಕ್ಷೆ ಅಳಿಯುವುದಿಲ್ಲವೆಂಬುದು ನಮ್ಮ ಸಭೆಯ ಬೋಧನೆ. ಹಳ್ಳಿಯಿಂದ ಮರಳಿದ ರಾತ್ರಿ ಊಟದ ಮನೆಯಲ್ಲಿ ಸಾರು ಬಡಿಸುವ ಸರದಿ ನನ್ನದಾಗಿತ್ತು. ಕಿರಿಯನೊಬ್ಬ ಎದ್ದು ಬಂದು, "ನೀವೀಗ ಡೀಕನ್, ಕುಳಿತುಕೊಳ್ಳಿ" ಎಂದು ಸೌಟಿಗೆ ಕೈಹಾಕಿದ.

"ಡೀಕನ್ ಆದ್ದರಿಂದಲೇ ಕೊಡುವುದಿಲ್ಲ" ಎಂದು ಹೇಳಿ, ಅವನ ತಟ್ಟೆಗೇ ಮೊದಲು ಬಡಿಸಿದೆ.