ಸಬ್ ಠೀಕ್ ಹೈ, ಸಾಬ್

(ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



"ಸೈನ್ಯದಲ್ಲಿ ಅಧಿಕಾರಿಗಳು, ಜವಾನರು ಮತ್ತು ಅವರ ಸೌಲಭ್ಯಗಳು" ಎಂಬ ವಿಷಯದ ಮೇಲೆ ಮಾತಾಡು ಎಂದು ನಮ್ಮ ಕಾರ್ಯದರ್ಶಿ ಅಕ್ಕ ಫೋನ್ ಮಾಡಿದಾಗ, "ಅಕ್ಕಾ, ನಾನು ಎಂ.ಟೆಕ್. ಮಾಡಿ ಕಂಪ್ಯೂಟರ್ ಮುಂದೆ ಕೂತವಳು. ಯಾರಾದರೂ ಕರ್ನಲ್ ಮೇಡಂ ಅವರನ್ನು ಕರೆಯಿರಿ" ಅಂದೆ. "ನೀನು ಹವಾಲ್ದಾರರ ಮಗಳು ತಾನೇ? ಅದನ್ನೇ ಹೇಳು, ಸಾಕು" ಅಂದರು. ಹಾಗಾಗಿ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ನಮ್ಮ ಊರು ಗದಗ ಜಿಲ್ಲೆಯ ಒಂದು ಹಳ್ಳಿ. ಅಪ್ಪ ಹತ್ತೊಂಬತ್ತನೇ ವಯಸ್ಸಿಗೆ ಫಿರಂಗಿ ದಳಕ್ಕೆ ಗನ್ನರ್ ಆಗಿ ಸೇರಿದರು. 24 ವರ್ಷ ಸೇವೆ ಮಾಡಿ ಹವಾಲ್ದಾರರಾಗಿ ನಿವೃತ್ತರಾದರು. ಕೊನೆಯ ಪೋಸ್ಟಿಂಗ್ ಗೋಲ್ಕೊಂಡದ ಆರ್ಟಿಲರಿ ಸೆಂಟರಿನಲ್ಲಿ. ಹೀಗೆ ನಾವು ಹೈದರಾಬಾದಿನವರಾಗಿ ಲಂಗರ್ ಹೌಜ್‌ನಲ್ಲಿ ಉಳಿದೆವು. ಅವರು ನಿವೃತ್ತರಾದಾಗ ವಯಸ್ಸು ನಲವತ್ತಮೂರು. ನನಗೀಗ ಮೂವತ್ತೇಳು. ಇನ್ನು ಆರೇ ವರ್ಷಕ್ಕೆ ಕೆಲಸ ಮುಗಿಯಿತು, ಮನೆಗೆ ನಡೆ ಅಂದರೆ ಹೇಗಿರುತ್ತದೆ ಎಂದು ಈಗ ಯೋಚನೆ ಬರುತ್ತದೆ. ಸಿಪಾಯಿಯಾಗಿಯೇ ನಿವೃತ್ತರಾಗುವ ಬಹುಪಾಲು ಜನ ಇನ್ನೂ ಮೊದಲೇ, 35ರಿಂದ 40ರ ಒಳಗೇ ಮನೆಗೆ ಬರುತ್ತಾರೆ. ಆಗಿನ್ನೂ ಮಕ್ಕಳು ಶಾಲೆಯಲ್ಲಿರುತ್ತಾರೆ.

ಸೈನ್ಯದ ಸಂಪರ್ಕ ಇಲ್ಲದವರಿಗಾಗಿ ಒಂದು ಮಾತು. ಭೂಸೇನೆಯಲ್ಲಿ ಮೂರು ಅಂತಸ್ತು ಇವೆ. ಕೆಳಗೆ ಸಿಪಾಯಿ, ಲಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ನಡುವೆ ಜೆ.ಸಿ.ಓ.ಗಳು, ಅಂದರೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಮೇಲೆ ಲೆಫ್ಟಿನೆಂಟ್‌ನಿಂದ ಜನರಲ್‌ವರೆಗಿನ ಅಧಿಕಾರಿಗಳು. ನಡುವಿನ ಅಂತಸ್ತು ಬ್ರಿಟಿಷರ ಕಾಲದಿಂದ ಬಂದದ್ದು. ಬಿಳಿಯ ಅಧಿಕಾರಿಗೆ ಸಿಪಾಯಿಯ ಭಾಷೆ, ಮನಸ್ಸು ತಿಳಿಯದಿದ್ದಾಗ ಸುಬೇದಾರರೇ ಸೇತುವೆ. ಇಂದಿಗೂ ಪಲ್ಟನ್ನಿನ ಒಳಗುಟ್ಟು ಸುಬೇದಾರ್ ಮೇಜರ್ ಸಾಹೇಬರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಚಿಕ್ಕಂದಿನ ಎರಡು ನೆನಪುಗಳು ನನ್ನ ಕಣ್ಣ ಮುಂದಿವೆ.

ಒಂದು, ಬಡಾ ಖಾನಾ. ಅಧಿಕಾರಿಗಳು, ಜವಾನರು ಒಟ್ಟಿಗೆ ಕೂತು ಉಣ್ಣುವ ದಿನ. ಆಗ ನನಗೆ ಒಂಬತ್ತು ವರ್ಷ. ಅಪ್ಪನ ಬ್ಯಾಟರಿಯ ಮೇಜರ್ ಸಾಹೇಬರು ಬಕೆಟ್ ಹಿಡಿದು ಬಂದು ಅಪ್ಪನ ತಟ್ಟೆಗೆ ಪೂರಿ ಬಡಿಸಿದರು. ಅಪ್ಪ ಬೇಡ ಬೇಡ ಅಂದರೂ ಬಿಡಲಿಲ್ಲ. ಜವಾನರ ಊಟ ಆಗದೆ ಆ ಸಾಹೇಬರು ಎಂದೂ ಉಂಡವರಲ್ಲ ಎಂದು ಅಪ್ಪ ಬಹಳ ಸಲ ಹೇಳುತ್ತಿದ್ದರು.

ಇನ್ನೊಂದು, ಬೇರೊಂದು ಪೋಸ್ಟಿಂಗಿನಲ್ಲಿ ನಡೆದ ಕುಟುಂಬಗಳ ಕಾರ್ಯಕ್ರಮ. ಮುಂದೆ ಅಧಿಕಾರಿಗಳ ಹೆಂಡಂದಿರಿಗೆ ಸೋಫಾ. ಅದರ ಹಿಂದೆ ಜೆ.ಸಿ.ಓ. ಮನೆಯವರಿಗೆ ಕುರ್ಚಿ. ಕೊನೆಗೆ ನಮಗೆ ಜಮಖಾನ. ಸೋಫಾದಲ್ಲಿ ನನ್ನದೇ ತರಗತಿಯ ಹುಡುಗಿ ಕೂತಿದ್ದಳು. ನಾನು ಎದ್ದು ಅವಳ ಹತ್ತಿರ ಹೋಗಹೊರಟಾಗ ಅವ್ವ ನನ್ನ ಲಂಗ ಹಿಡಿದು ಎಳೆದು ಕೂರಿಸಿದಳು. ಅಪ್ಪನ ತೋಳಿನ ಪಟ್ಟಿ ಅಪ್ಪ ದುಡಿದು ಗಳಿಸಿದ್ದು, ಸರಿ. ಅದು ಅವ್ವನಿಗೂ ನನಗೂ ಯಾಕೆ ಅಂಟಿಕೊಂಡಿತು ಎಂಬುದು ಆಗ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿಲ್ಲ.

ಎರಡೂ ನಿಜ. ಒಂದನ್ನೇ ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಮೋಸ.

ನಮ್ಮ ಕೊಡಗಿನ ಕಾರ್ಯಪ್ಪನವರ ಪ್ರಸಂಗ ನಿಮ್ಮಲ್ಲಿ ಹಲವರಿಗೆ ಗೊತ್ತು. 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾದವರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಪರಿಚಯದವರೇ. ಮಗನಿಗೆ ವಿಶೇಷ ಸವಲತ್ತು ಕೊಡುವ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರೆಂದು ಇಂದಿಗೂ ಹೇಳುತ್ತಾರೆ. ಜವಾನರು ತಮ್ಮ ಅಧಿಕಾರಿಯಿಂದ ಬಯಸುವುದು ಇದನ್ನೇ.

ಆದರೆ ನಿಯಮದ ಪುಸ್ತಕ ತೆರೆದರೆ ಲೆಕ್ಕ ಬೇರೆ. ಸೈನಿಕ ಜೀವನದ ಕಷ್ಟಕ್ಕೆಂದು ಮಿಲಿಟರಿ ಸರ್ವಿಸ್ ಪೇ ಎಂಬುದೊಂದು ಇದೆ. ಏಳನೇ ವೇತನ ಆಯೋಗದ ನಂತರ ಅದು ಅಧಿಕಾರಿಗೆ ತಿಂಗಳಿಗೆ 15,500 ರೂಪಾಯಿ, ಜೆ.ಸಿ.ಓ. ಮತ್ತು ಜವಾನರಿಗೆ 5,200 ರೂಪಾಯಿ. ಸಿಯಾಚಿನ್ ಭತ್ಯೆಯನ್ನು 2017ರಲ್ಲಿ ಏರಿಸಿದಾಗ ಅಧಿಕಾರಿಗೆ 42,500 ಆಯಿತು, ಜವಾನರಿಗೆ 30,000.

ಸಿಯಾಚಿನ್ ಅಂದಕೂಡಲೇ ನಮಗೆ ನೆನಪಾಗುವುದು ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಹಿಮ ಕುಸಿದು ಹತ್ತು ಜನ ಹೂತುಹೋದರು. ಆರು ದಿನದ ನಂತರ ಅವರೊಬ್ಬರು ಜೀವಂತ ಸಿಕ್ಕಾಗ ದೇಶವೇ ಕೈಮುಗಿದು ಕೂತಿತ್ತು. 11ರಂದು ಅವರೂ ಹೋದರು. ಆ ಹತ್ತರಲ್ಲಿ ಮೂವರು ಕರ್ನಾಟಕದವರು. ಹಾಸನ ಕಡೆಯ ಒಬ್ಬ ಸುಬೇದಾರರೂ ಇದ್ದರು. ಆ ಚಳಿಗೆ ಅಧಿಕಾರಿ ಯಾರು, ಜವಾನ ಯಾರು ಎಂದು ಗೊತ್ತೇ?

ಸಂಬಳ ಎಲ್ಲರಿಗೂ ಒಂದೇ ಇರಲಿ ಅಂತ ನಾನು ಹೇಳುತ್ತಿಲ್ಲ. ನನ್ನ ಆಫೀಸಿನಲ್ಲೂ ಮ್ಯಾನೇಜರ್‌ಗೆ ಹೆಚ್ಚು ಸಂಬಳ, ಯಾಕೆಂದರೆ ಜವಾಬ್ದಾರಿ ಹೆಚ್ಚು. ಅಧಿಕಾರಿಯ ಒಂದು ತಪ್ಪು ನಿರ್ಧಾರಕ್ಕೆ ನೂರು ಜೀವ ಹೋಗಬಹುದು. ಜವಾಬ್ದಾರಿಗೆ ಬೆಲೆ ಕೊಡಲಿ. ಕಷ್ಟಕ್ಕೆಂದು ಕೊಡುವ ಹಣದಲ್ಲೂ ಮೇಲು-ಕೀಳು ಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ. ಎಲ್ಲ ಕಡೆಯೂ ಹಾಗಿಲ್ಲ ಎಂಬುದನ್ನೂ ಹೇಳಬೇಕು. ಕರ್ತವ್ಯದಲ್ಲಿ ಪ್ರಾಣ ಕೊಟ್ಟವರ ಕುಟುಂಬಕ್ಕೆ ಕೇಂದ್ರ ಸರ್ಕಾರ ಒಂದೇ ಬಾರಿ ಕೊಡುವ ಪರಿಹಾರದಲ್ಲಿ ದರ್ಜೆ ನೋಡುವುದಿಲ್ಲ, ಯಾವ ಸಂದರ್ಭದಲ್ಲಿ ಮಡಿದರು ಎಂದು ಮಾತ್ರ ನೋಡುತ್ತಾರೆ.

ಹಾಗೆಯೇ ಸಹಾಯಕ್ ಪದ್ಧತಿ. ಅಧಿಕಾರಿಯ ಸಮವಸ್ತ್ರ, ಆಯುಧ ಸಿದ್ಧವಾಗಿಡಲು ಇರುವ ಜವಾನನಿಂದ ಮನೆಗೆಲಸ ಮಾಡಿಸುತ್ತಾರೆ ಎಂಬ ದೂರು ಹಳೆಯದು. ನೌಕಾಪಡೆ, ವಾಯುಪಡೆಗಳಲ್ಲಿ ಈ ಪದ್ಧತಿ ಇಲ್ಲ. ಭೂಸೇನೆಯೂ ನಿಲ್ಲಿಸಲಿ ಎಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ ಹೇಳಿತ್ತು.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. 2003ರಲ್ಲಿ ಶುರುವಾದ ಇ.ಸಿ.ಎಚ್.ಎಸ್. ಯೋಜನೆ ಇದ್ದುದರಿಂದ ದುಡ್ಡಿನ ಚಿಂತೆ ಇರಲಿಲ್ಲ. ಅದಕ್ಕೆ ನಾನು ಋಣಿ. ಆ ಯೋಜನೆಯಲ್ಲೂ ಹವಾಲ್ದಾರ್‌ವರೆಗೆ ಜನರಲ್ ವಾರ್ಡ್, ಜೆ.ಸಿ.ಓ.ಗೆ ಸೆಮಿ ಪ್ರೈವೇಟ್, ಅಧಿಕಾರಿಗೆ ಪ್ರೈವೇಟ್ ರೂಮು. ಅಪ್ಪ ಜನರಲ್ ವಾರ್ಡಿನಲ್ಲಿದ್ದರು. ಸುದ್ದಿ ತಿಳಿದು, ಅಂದು ಪೂರಿ ಬಡಿಸಿದ ಅದೇ ಮೇಜರ್ ಸಾಹೇಬರು, ಈಗ ನಿವೃತ್ತ ಕರ್ನಲ್, ಸೈನಿಕಪುರಿಯಿಂದ ಊರಿನ ಆ ತುದಿಗೆ ಬಂದರು. ಅವರಿಗೂ ಎಪ್ಪತ್ತು ದಾಟಿತ್ತು. ಅಪ್ಪ ಕೈಗೆ ಸಲೈನ್ ಸೂಜಿ ಇದ್ದಂತೆಯೇ ಎದ್ದು ಸೆಲ್ಯೂಟ್ ಮಾಡಲು ಹೋದರು. ಸಾಹೇಬರು ಭುಜ ಹಿಡಿದು ಮಲಗಿಸಿ, ಸ್ಟೂಲಿನ ಮೇಲೆ ಕೂತು ಒಂದು ಗಂಟೆ ಮಾತಾಡಿದರು. ಹೊರಡುವಾಗ ಕೇಳಿದರು: "ಹವಾಲ್ದಾರ್ ಸಾಬ್, ಪಿಂಚಣಿ ಕಾಗದಪತ್ರ ಎಲ್ಲಾ ಸರಿ ಇದೆಯಾ? ಮನೆಯವರ ಹೆಸರು, ಎಲ್ಲಾ?"

ಅಪ್ಪ ಮಲಗಿದಲ್ಲೇ ಕಾಲು ಜೋಡಿಸಿ ಹೇಳಿದರು: "ಸಬ್ ಠೀಕ್ ಹೈ, ಸಾಬ್."

ಇಪ್ಪತ್ತನಾಲ್ಕು ವರ್ಷದ ಅಭ್ಯಾಸ ಅದು. ಸೈನಿಕ ಸಮ್ಮೇಳನದಲ್ಲಿ ಕಮಾಂಡಿಂಗ್ ಆಫೀಸರ್ ಎಲ್ಲರನ್ನೂ ಕೂರಿಸಿ "ಏನಾದರೂ ತೊಂದರೆ ಇದೆಯಾ?" ಅಂತ ಕೇಳುತ್ತಾರೆ. ಕೈ ಎತ್ತುವವರು ಕಡಿಮೆ. ತೊಂದರೆ ಇಲ್ಲ ಅಂತಲ್ಲ. ಸಾಹೇಬರ ಮುಂದೆ ನಮ್ಮ ಮನೆಯ ರಗಳೆ ಯಾಕೆ ಎಂಬ ಸಂಕೋಚ. ಆ ಗೌರವ ನಿಜವಾದದ್ದು. ಅದೇ ಗೌರವ ಬಾಯಿ ಕಟ್ಟಿಬಿಡುತ್ತದೆ.

ಹತ್ತು ದಿನಕ್ಕೆ ಅಪ್ಪ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಮಂಚದ ಕೆಳಗಿನ ಕರಿ ಟ್ರಂಕು ಎಳೆದು ತೆಗೆದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ದರ್ಜೆ, ಹೆಸರು. ಒಳಗೆ ಪಿಂಚಣಿ ಆದೇಶ, ಅಂದರೆ ಪಿ.ಪಿ.ಓ. ಅದರಲ್ಲಿ ಅವ್ವನ ಹೆಸರಿನ ಕೊನೆಗೆ "ಅವ್ವ" ಇತ್ತು, ನಮ್ಮ ಕಡೆ ಇಡುವ ಹಾಗೆ. ಆಧಾರ್ ಕಾರ್ಡಿನಲ್ಲಿ "ಬಾಯಿ" ಆಗಿತ್ತು. ಹುಟ್ಟಿದ ವರ್ಷಕ್ಕೂ ಮೂರು ವರ್ಷದ ವ್ಯತ್ಯಾಸ. ಕಾಗದದ ಪ್ರಕಾರ ಅಪ್ಪನ ಹೆಂಡತಿ ಬೇರೆ, ನಮ್ಮ ಅವ್ವ ಬೇರೆ.

"ಎಲ್ಲಾ ಅವರಿಗೇ ಗೊತ್ತಿತ್ತವಾ. ನಾ ಯಾವತ್ತ ಆ ಪೆಟ್ಟಿಗಿ ತಗದು ನೋಡೀನಿ?" ಅಂದಳು ಅವ್ವ.

ಅಫಿಡವಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ, ಊರಿನ ಶಾಲೆಯಿಂದ ದಾಖಲೆ, ಮತ್ತೆ ಅಫಿಡವಿಟ್ಟು. ಕುಟುಂಬ ಪಿಂಚಣಿ ಕೈಗೆ ಬರಲು ಒಂಬತ್ತು ತಿಂಗಳು ಹಿಡಿಯಿತು. ತಪ್ಪು ಯಾವ ಕಚೇರಿಯದೂ ಅಲ್ಲ, ನಮ್ಮ ಮನೆಯದೇ. ನನಗೆ ಸಂಬಳ ಇತ್ತು, ಅವ್ವನಿಗೆ ಊಟಕ್ಕೆ ಕೊರತೆ ಆಗಲಿಲ್ಲ. ಆದರೆ ಅವಳು ಮಾತ್ರೆಗೆ ದುಡ್ಡು ಕೇಳಲು ನನ್ನ ಮುಖ ನೋಡುತ್ತಿದ್ದಳು. ಒಂದು ವಾರ ಬಿ.ಪಿ. ಮಾತ್ರೆ ನುಂಗದೆ ಇದ್ದದ್ದು ನನಗೆ ತಡವಾಗಿ ಗೊತ್ತಾಯಿತು. ಮಗಳ ದುಡ್ಡು ಬೇರೆ, ಗಂಡನ ಪಿಂಚಣಿ ಬೇರೆ. ಮಗಳು ಇಲ್ಲದ, ಅಥವಾ ಮಗಳಿಗೆ ಸಂಬಳ ಇಲ್ಲದ ಅವ್ವಂದಿರ ಗತಿ ಏನು? ಆಫೀಸಿನಲ್ಲಿ ನನ್ನ ಕೆಲಸವೇ ಎರಡು ಕಡೆಯ ಡೇಟಾ ತಾಳೆ ಆಗುತ್ತದೆಯೇ ಎಂದು ನೋಡುವುದು. ನನ್ನ ಅವ್ವನ ಎರಡು ಕಾಗದ ತಾಳೆ ನೋಡಿರಲಿಲ್ಲ.

ಇನ್ನೊಂದೂ ಆ ಟ್ರಂಕಿನ ಮುಂದೆ ಕೂತಾಗಲೇ ತಿಳಿಯಿತು. ನಾನು ಬಿ.ಇ. ಸೇರಿದ್ದು 2006ರಲ್ಲಿ. ಅಧಿಕಾರಿ ದರ್ಜೆಗಿಂತ ಕೆಳಗಿನ ಮಾಜಿ ಸೈನಿಕರ ಮಕ್ಕಳಿಗೆ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ಶುರುವಾದದ್ದೂ ಅದೇ ವರ್ಷ. ಇಂದು ಹೆಣ್ಣುಮಕ್ಕಳಿಗೆ ಅದು ತಿಂಗಳಿಗೆ 3,000 ರೂಪಾಯಿ. ನಾವು ಅರ್ಜಿಯನ್ನೇ ಹಾಕಿರಲಿಲ್ಲ. ಅಪ್ಪ ಸೆಕ್ಯೂರಿಟಿ ಕೆಲಸಕ್ಕೆ ಹೋಗಿ ನನ್ನ ಫೀಸು ಕಟ್ಟಿದ್ದರು.

ಅಧಿಕಾರಿಗಳ ಮನೆಗೂ ನಮ್ಮ ಮನೆಗೂ ನಾನು ಕಂಡ ದೊಡ್ಡ ಅಂತರ ಇದು. ಅಲ್ಲಿ ಹೆಂಡತಿಗೆ ಕಾಗದ ಓದಲು ಬರುತ್ತದೆ, ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರುತ್ತದೆ. ನಮ್ಮಲ್ಲಿ ಎಲ್ಲವೂ ಟ್ರಂಕಿನಲ್ಲಿ, ಕೀಲಿ ಗಂಡನ ಹತ್ತಿರ. ಸೌಲಭ್ಯ ಆದೇಶದಲ್ಲಿದ್ದರೆ ಸಾಲದು, ಅದು ಅವ್ವನ ಬ್ಯಾಂಕ್ ಖಾತೆಗೆ ಬಂದು ಮುಟ್ಟಬೇಕು.

ಹಾಗಾಗಿ ನಿಮ್ಮ ಮನೆಯಲ್ಲಿ, ಬಂಧುಗಳಲ್ಲಿ, ಅಪಾರ್ಟ್‌ಮೆಂಟಿನ ಕಾವಲುಗಾರರಲ್ಲಿ ಸೈನಿಕರಿದ್ದರೆ ದಯವಿಟ್ಟು ಇಷ್ಟು ಮಾಡಿ.

ಪಿ.ಪಿ.ಓ., ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಂಡತಿಯ ಹೆಸರು, ಹುಟ್ಟಿದ ದಿನ ಅಕ್ಷರಕ್ಷರ ತಾಳೆ ನೋಡಿ. ಸೇವೆಯಲ್ಲಿರುವವರಾದರೆ ಮದುವೆ, ಮಕ್ಕಳ ಜನನ ಪಾರ್ಟ್ ಟೂ ಆರ್ಡರಿನಲ್ಲಿ ಸೇರಿದೆಯೇ ಕೇಳಿ. ಯಜಮಾನರು ಬದುಕಿರುವಾಗ ಇದು ಒಂದು ಅರ್ಜಿಯ ಕೆಲಸ, ಆಮೇಲೆ ಅಲೆದಾಟ.

ಕಡತ ಇರುವುದು ನೀವು ವಾಸಿಸುವ ಊರಿನಲ್ಲಲ್ಲ, ಅವರ ದಳದ ದಾಖಲೆ ಕಚೇರಿಯಲ್ಲಿ. ಫಿರಂಗಿ ದಳದ್ದು ನಾಸಿಕ್ ರೋಡಿನಲ್ಲಿದೆ. ಇ.ಎಂ.ಇ., ಎ.ಓ.ಸಿ. ದಳಗಳದ್ದು ನಮ್ಮ ಸಿಕಂದರಾಬಾದಿನಲ್ಲೇ ಇವೆ. ದಾರಿ ತೋರಿಸಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಇದೆ. ಹವಾಲ್ದಾರ್‌ವರೆಗಿನವರ ಮಕ್ಕಳ ಓದಿಗೆ, ಹೆಣ್ಣುಮಕ್ಕಳ ಮದುವೆಗೆ ಕೇಂದ್ರೀಯ ಸೈನಿಕ ಮಂಡಳಿಯ ಅನುದಾನವೂ ಇದೆ.

ಕುಟುಂಬ ಪಿಂಚಣಿಯಲ್ಲಿ ವ್ಯತ್ಯಾಸಗಳಿವೆ ಎಂಬುದು ತಿಳಿದಿರಲಿ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ. 30. ಸೇವೆಯ ಕಾರಣದಿಂದಲೇ ಸಾವು ಬಂದಿದ್ದರೆ ಶೇ. 60. ಯುದ್ಧ, ಕಾರ್ಯಾಚರಣೆಯಲ್ಲಾದರೆ ಪೂರ್ತಿ ವೇತನ. ಸಮಾನ ದರ್ಜೆಗೆ ಸಮಾನ ಪಿಂಚಣಿ 2014ರ ಜುಲೈ 1ರಿಂದ ಲೆಕ್ಕಕ್ಕೆ ಬಂದಿದೆ, 2019 ಮತ್ತು 2024ರಲ್ಲಿ ಪರಿಷ್ಕರಣೆಯಾಗಿದೆ. ಬೇಗ ನಿವೃತ್ತರಾಗಿ ಮೂವತ್ತು-ನಲವತ್ತು ವರ್ಷ ಪಿಂಚಣಿಯಲ್ಲೇ ಬದುಕುವ ಜವಾನರಿಗೆ ಇದು ಬಹಳ ದೊಡ್ಡದು. ನಿಮ್ಮವರಿಗೆ ಸೇರಿದೆಯೇ ನೋಡಿ.

ಕೊನೆಯದಾಗಿ, ಈಗ ಪಿಂಚಣಿ ವ್ಯವಹಾರವೆಲ್ಲ ಸ್ಪರ್ಶ್ ಪೋರ್ಟಲಿಗೆ ಬಂದಿದೆ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಬೇಕು, ಮೊಬೈಲಿನಲ್ಲೇ ಆಗುತ್ತದೆ. ಎಪ್ಪತ್ತರ ಅಜ್ಜಿಗೆ ಅದು ಬೆಟ್ಟ, ನಮಗೆ ಹತ್ತು ನಿಮಿಷ. ಈ ಸಂಘದಲ್ಲಿ ಅರ್ಧಕ್ಕರ್ಧ ಜನ ನನ್ನ ಹಾಗೆ ಲ್ಯಾಪ್‌ಟಾಪಿನವರು. ತಿಂಗಳಿಗೊಂದು ಭಾನುವಾರ ಎರಡು ಗಂಟೆ ನಾವು ಇದಕ್ಕೆ ಕೂರೋಣವೇ? ಪಾಸ್‌ವರ್ಡ್, ಒ.ಟಿ.ಪಿ. ನಾವು ಕೇಳುವುದು ಬೇಡ. ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಮಾಡಿಸೋಣ. ಕನ್ನಡದವರೇ ಆಗಬೇಕೆಂದೂ ಇಲ್ಲ.

ಅವ್ವನ ಮೊದಲ ಪಿಂಚಣಿ ಬಂದ ದಿನ ಕರ್ನಲ್ ಸಾಹೇಬರಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ತಪ್ಪು ನನ್ನದು ಮಗಳೇ. ಸರಿ ಇದೆಯಾ ಅಂತ ಕೇಳಿದೆ. ಕಾಗದ ತೋರಿಸು ಅಂತ ಕೇಳಬೇಕಿತ್ತು."

ನನ್ನ ಮಾತು ಮುಗಿಯಿತು. ಮನೆಗೆ ಹೋಗಿ ಯಾರನ್ನೂ "ಎಲ್ಲಾ ಸರಿ ಇದೆಯಾ?" ಅಂತ ಕೇಳಬೇಡಿ. ಟ್ರಂಕು ತೆಗೆಸಿ, ಕಾಗದ ನೋಡಿ.