ಸೂಜಿಗಲ್ಲಿನ ಪಾಠ

ಪ್ರೌಢಶಾಲೆಯ ಮಕ್ಕಳಿಗೆ ಕಲಿಸಬೇಕಾದ ವಿಷಯಗಳಲ್ಲಿ ಕಣ್ಣಿಗೆ ಕಾಣುವವು ಕೆಲವು, ಕಾಣದವು ಕೆಲವು. ಎಲೆಯನ್ನು ತೋರಿಸಿ ಎಲೆಯ ಪಾಠ ಮಾಡಬಹುದು. ಅಯಸ್ಕಾಂತದ ಸೆಳೆತವನ್ನಾಗಲಿ, ತಂತಿಯೊಳಗಣ ವಿದ್ಯುತ್ತನ್ನಾಗಲಿ ಹಾಗೆ ಅಂಗೈಯಲ್ಲಿಟ್ಟು ತೋರಿಸಲಾಗದು. ಅವು ಮಾಡುವ ಕೆಲಸವನ್ನು ಮಾತ್ರ ತೋರಿಸಬಹುದು. ಬಾಳಿನ ಬಹುಭಾಗವನ್ನು ಕನ್ನಡ ಸಾಹಿತ್ಯದ ಪಾಠದಲ್ಲಿ ಕಳೆದ ನಾನು ಈ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣವೂ ಅದೇ. ಕಾಣದುದನ್ನು ಕಲಿಸುವಾಗ ಮಾತಿನ ಹೊಣೆ ಹೆಚ್ಚು. ವಸ್ತು ಎದುರಿಗಿಲ್ಲದ ಕಡೆ ಪದವೇ ವಸ್ತುವಿನ ಪೀಠವನ್ನು ಏರಿ ಕುಳಿತುಬಿಡುವುದುಂಟು.

ಅಯಸ್ಸು ಎಂದರೆ ಕಬ್ಬಿಣ. ಕಬ್ಬಿಣಕ್ಕೆ ಪ್ರಿಯವಾದುದು ಅಯಸ್ಕಾಂತ. ಸೂಜಿಯನ್ನು ಸೆಳೆಯುವ ಕಲ್ಲು ಸೂಜಿಗಲ್ಲು. ಮೊದಲ ಹೆಸರಿನಲ್ಲಿ ಕಲ್ಪನೆಯಿದೆ. ಎರಡನೆಯದು ಕಂಡದ್ದನ್ನು ಕಂಡಂತೆ ಹೇಳುತ್ತದೆ. ಕಣಾದನ ಹೆಸರಿನಲ್ಲಿರುವ ವೈಶೇಷಿಕ ಸೂತ್ರಗಳಲ್ಲಿಯೂ ಸೂಜಿ ಕಲ್ಲಿನತ್ತ ಸರಿಯುವ ಸಂಗತಿ ಬರುತ್ತದೆ. ಅದಕ್ಕೆ ಅಲ್ಲಿ ಹೇಳಿರುವ ಕಾರಣ ‘ಅದೃಷ್ಟ’, ಎಂದರೆ ಕಾಣದುದು. ಪ್ರಾಮಾಣಿಕವಾದ ಉತ್ತರವೇ ಅದು. ಆದರೆ ಆ ಪದ ಬರಬರುತ್ತ ನಮ್ಮ ಬಳಕೆಯಲ್ಲಿ ಹಣೆಬರಹವೆಂಬ ಅರ್ಥಕ್ಕೆ ಇಳಿದು, ಪ್ರಶ್ನೆಯನ್ನು ಅಲ್ಲಿಗೇ ಮುಗಿಸುವ ಮಾತಾಯಿತು. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. ಅವನಿಗೂ ಆ ಶಕ್ತಿ ಕಣ್ಣಿಗೆ ಕಾಣಲಿಲ್ಲ. ಆದರೆ ಅವನು ಸೂಜಿಗಲ್ಲನ್ನು ಚೆಂಡಿನಂತೆ ಕೆತ್ತಿಸಿ, ಅದರ ಮೇಲೆ ಪುಟ್ಟ ಸೂಜಿಯನ್ನು ಸರಿಸುತ್ತ, ಎಲ್ಲಿ ಹೇಗೆ ತಿರುಗುವೆಯೆಂದು ಸೂಜಿಯನ್ನೇ ಕೇಳುತ್ತ ಹೋಗಿ, ಭೂಮಿಯೇ ಒಂದು ಮಹಾ ಅಯಸ್ಕಾಂತವೆಂಬ ನಿರ್ಣಯಕ್ಕೆ ಬಂದ. ಕಾಣದುದರ ಮುಂದೆ ಕೈಮುಗಿದು ನಿಲ್ಲುವುದು ಒಂದು ಬಗೆ, ಅದರ ಹೆಜ್ಜೆಯ ಗುರುತನ್ನು ಹಿಡಿದು ಹೋಗುವುದು ಇನ್ನೊಂದು ಬಗೆ. ಶಾಲೆಯಲ್ಲಿ ಕಲಿಸಬೇಕಾದುದು ಎರಡನೆಯದನ್ನು.

ಹಾಸನದಿಂದ ಬೆಂಗಳೂರಿನ ಕಡೆಗೆ ಹೊರಟರೆ ಹೆದ್ದಾರಿಯಲ್ಲಿ ಸಿಕ್ಕುವ ಶಾಂತಿಗ್ರಾಮವನ್ನೇ ತೆಗೆದುಕೊಳ್ಳೋಣ. ಹೊಯ್ಸಳರ ರಾಣಿ ಶಾಂತಲೆಯ ಹೆಸರಿನೊಡನೆ ಬೆಸೆದುಕೊಂಡ ಊರು ಅದು. ಇತಿಹಾಸದ ಪಾಠಕ್ಕೆ ಅಲ್ಲಿ ದೇವಾಲಯಗಳುಂಟು. ವಿದ್ಯುತ್ತಿನ ಪಾಠಕ್ಕೆ ಏನುಂಟು ಎಂದು ಕೇಳಬಹುದು. ಅಂಥ ಊರಿನ ಉಪಾಧ್ಯಾಯರು ಪ್ರಯೋಗಶಾಲೆಯ ಬೀರುವಿನ ಬೀಗದ ಕೈಗಾಗಿ ಕಾಯಬೇಕಾದುದಿಲ್ಲ.

ಮಳೆ ನಿಂತ ಮೇಲೆ ನೀರು ಹರಿದ ಜಾಡಿನಲ್ಲಿ ಕಪ್ಪು ಮರಳಿನ ಗೆರೆ ಉಳಿದಿರುವುದುಂಟು. ಕೆಟ್ಟ ರೇಡಿಯೊದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಆಡಿಸಿದರೆ, ಅದರಲ್ಲಿನ ಕಬ್ಬಿಣದ ಅದಿರಿನ ಕಣಗಳು ಮೀಸೆಯಂತೆ ನೆಟ್ಟಗೆ ನಿಲ್ಲುತ್ತವೆ. ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯನ್ನು ನಾವು ಹೊಯ್ಸಳ ಶಿಲ್ಪಕ್ಕಾಗಿ ಬಲ್ಲೆವು. ಭೂವಿಜ್ಞಾನಿಗಳು ಅದನ್ನು ಅಲ್ಲಿನ ಶಿಲಾಪಟ್ಟಿಯಲ್ಲಿರುವ ಮ್ಯಾಗ್ನೆಟೈಟ್ ಅದಿರಿಗಾಗಿಯೂ ಬಲ್ಲರು. ಸೂಜಿಗಲ್ಲು ಅದೇ ಜಾತಿಯ ಕಲ್ಲು. ಹೀಗೆ ಕೂಡಿಸಿದ ಕಣಗಳನ್ನು ಕಾಗದದ ಮೇಲೆ ಉದುರಿಸಿ, ಅಡಿಯಲ್ಲಿ ಅಯಸ್ಕಾಂತವನ್ನಿಟ್ಟು ಮೆಲ್ಲಗೆ ತಟ್ಟಿದರೆ ಅವು ರಂಗೋಲಿಯ ಎಳೆಗಳಂತೆ ಸಾಲುಗೂಡುತ್ತವೆ. ‘ಕಾಂತಕ್ಷೇತ್ರ’ ಎಂಬ ಪದವನ್ನು ಆಗ ಹೇಳಬೇಕು. ಅದಕ್ಕೆ ಮುಂಚೆ ಹೇಳಬಾರದು.

ಇನ್ನು ವಿದ್ಯುತ್ಕೋಶದ ಪಾಠ. ಹಾಸನ ಸೀಮೆ ಆಲೂಗಡ್ಡೆಗೆ ಹೆಸರಾದುದು. ಒಂದು ಗಡ್ಡೆಗೆ ಸತುವಿನ ಲೇಪವಿರುವ ಮೊಳೆಯನ್ನೂ ತಾಮ್ರದ ತಂತಿಯ ತುಂಡನ್ನೂ ಒಂದಕ್ಕೊಂದು ತಾಗದಂತೆ ಚುಚ್ಚಿದರೆ ಒಂದು ವೋಲ್ಟಿಗಿಂತ ತುಸು ಕಡಿಮೆಯ ಕೋಶ ಸಿದ್ಧವಾಯಿತು. ಟಾರ್ಚಿನ ಬಲ್ಬನ್ನು ಹೊತ್ತಿಸುವಷ್ಟು ಪ್ರವಾಹ ಅದರಿಂದ ಬಾರದು. ಅಂಥ ನಾಲ್ಕು ಗಡ್ಡೆಗಳನ್ನು ಸಾಲಾಗಿ ಜೋಡಿಸಿದರೆ ಸಣ್ಣ ಕೆಂಪು ಎಲ್‌ಇಡಿ ದೀಪವೊಂದು ಕತ್ತಲೆಯಲ್ಲಿ ಮಂಕಾಗಿ ಬೆಳಗುತ್ತದೆ. ಈ ಶಕ್ತಿ ಎಲ್ಲಿಂದ ಬಂತೆಂದು ಕೇಳಿದರೆ ‘ಆಲೂಗಡ್ಡೆಯಿಂದ ಸಾರ್’ ಎಂಬ ಉತ್ತರ ಬಾರದಿರದು. ಅದು ತಪ್ಪೆಂದು ಕೂಡಲೆ ಹೇಳಿಬಿಟ್ಟರೆ ಪಾಠ ಕೆಟ್ಟಿತು. ಎರಡೂ ಕಡೆ ತಾಮ್ರವನ್ನೇ ಚುಚ್ಚಿ ನೋಡಲಿ: ದೀಪ ಹೊತ್ತದು. ಗಡ್ಡೆಯ ಬದಲು ನಿಂಬೆಹಣ್ಣನ್ನೋ ಹುಣಿಸೆಯ ನೀರನ್ನೋ ಇಟ್ಟು, ಸತುವನ್ನೂ ತಾಮ್ರವನ್ನೂ ಹಾಗೆಯೇ ಉಳಿಸಲಿ: ದೀಪ ಮತ್ತೆ ಹೊತ್ತುತ್ತದೆ. ಗುಟ್ಟು ಗಡ್ಡೆಯಲ್ಲಿಲ್ಲ, ತುಸುತುಸುವಾಗಿ ಕರಗುತ್ತಿರುವ ಸತುವಿನಲ್ಲಿದೆ ಎಂಬುದನ್ನು ಆಗ ಮಕ್ಕಳು ತಾವೇ ಹೇಳುತ್ತಾರೆ. ಇಟಲಿಯಲ್ಲಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಲೋಹ ತಾಗಿದಾಗ ಅದುರಿದುದನ್ನು ಕಂಡು, ವಿದ್ಯುತ್ತು ಕಪ್ಪೆಯ ದೇಹದಲ್ಲಿಯೇ ಇದೆಯೆಂದು 1791ರಲ್ಲಿ ಬರೆದ. ಅಲ್ಲ, ಅದು ಬೇರೆ ಬೇರೆ ಲೋಹಗಳ ಸಂಪರ್ಕದಿಂದ ಹುಟ್ಟುವುದೆಂದು ವೋಲ್ಟಾ ವಾದಿಸಿದ. 1800ರಲ್ಲಿ ಲೋಹದ ಬಿಲ್ಲೆಗಳನ್ನೂ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನೂ ಒಂದರ ಮೇಲೊಂದು ಪೇರಿಸಿ ಮೊದಲ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿದ. ವೋಲ್ಟಾ ಹೇಳಿದುದೂ ಪೂರ್ಣ ಸತ್ಯವಲ್ಲ, ರಾಸಾಯನಿಕ ಕ್ರಿಯೆ ಅಲ್ಲಿ ಅವಶ್ಯಕವೆಂಬುದು ಅನಂತರ ತಿಳಿಯಿತು. ಆಲೂಗಡ್ಡೆಯ ಉತ್ತರ ಕೊಟ್ಟ ಹುಡುಗ ಗಾಲ್ವಾನಿಯ ಪಕ್ಷದವನು. ಅವನನ್ನು ನಾಚಿಸುವುದಕ್ಕಿಂತ ಆ ಮಾತನ್ನು ಅವನಿಗೆ ಹೇಳುವುದು ಮೇಲು.

ಟಾರ್ಚಿನ ಷೆಲ್ಲು ಸೋತಾಗ ಬಿಸಿಲಿಗಿಟ್ಟು ಮತ್ತೆರಡು ದಿನ ದುಡಿಸಿಕೊಂಡ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಬಿಸಿಲು ಮಾಡಿದ್ದೇನು ಎಂದು ಮಕ್ಕಳು ಅವರನ್ನು ಮಾತನಾಡಿಸಿ ಬರಲಿ. ಆದರೆ ಷೆಲ್ಲನ್ನಾಗಲಿ, ಮೊಬೈಲಿನ ಬ್ಯಾಟರಿಯನ್ನಾಗಲಿ ಒಡೆದು ನೋಡಬಾರದು, ಮನೆಯ ಕರೆಂಟಿನಲ್ಲಿ ಯಾವ ಪ್ರಯೋಗವನ್ನೂ ಮಾಡಬಾರದು ಎಂಬುದು ಮೊದಲ ದಿನದ ಪಾಠವಾಗಬೇಕು.

ಪದಗಳ ತೊಡಕು ಮುಂದೆ ಬರುತ್ತದೆ. ‘ವಿಭವಾಂತರ’ವೆಂಬ ಮಾತನ್ನು ಕೇಳಿದ ಮಗುವಿಗೆ ನೆನಪಾಗುವುದು ವೈಭವ, ಸಿರಿವಂತಿಕೆಯ ಅಂತರವೆಂದು ಅದು ತಿಳಿದರೆ ಮಗುವಿನ ತಪ್ಪಲ್ಲ. ಕೆರೆಯ ತೂಬನ್ನು ಕಂಡ ಮಗುವಿಗೆ ಮಟ್ಟದ ಅಂತರವೆಂದರೆ ಸಾಕು. ಪ್ರವಾಹದ ಹೋಲಿಕೆಗೆ ಮಾತ್ರ ಕೆರೆ ಸಾಲದು. ಕಾಲುವೆಯ ನೀರು ಗದ್ದೆಯಲ್ಲಿ ಮುಗಿಯುವಂತೆ ವಿದ್ಯುತ್ತು ಬಲ್ಬಿನಲ್ಲಿ ಮುಗಿಯುತ್ತದೆಂದು ಮಕ್ಕಳು ನಂಬುತ್ತಾರೆ. ಅದಕ್ಕೆ ಹಿಟ್ಟಿನ ಗಿರಣಿಯ ಬೆಲ್ಟನ್ನು ತೋರಿಸಬೇಕು. ಬೆಲ್ಟು ಹೋದಷ್ಟೇ ಹಿಂದಿರುಗುತ್ತದೆ, ಒಂದು ಗೇಣೂ ಸವೆದು ಹಿಟ್ಟಾಗುವುದಿಲ್ಲ. ಆದರೂ ರಾಗಿ ಬೀಸಿರುತ್ತದೆ. ಪ್ರವಾಹವೂ ಹೋದಷ್ಟೇ ಮರಳುತ್ತದೆ. ಬಲ್ಬಿನಲ್ಲಿ ಉಳಿಯುವುದು ಶಕ್ತಿ. ಬೆಲ್ಟು ತುಂಡಾದರೆ ಗಿರಣಿ ನಿಲ್ಲುವಂತೆ, ಮಂಡಲ ತುಂಡಾದರೆ ದೀಪ ಆರುತ್ತದೆ.

ಅಯಸ್ಕಾಂತದ ಪಾಠ ಬೇರೆ, ವಿದ್ಯುತ್ತಿನ ಪಾಠ ಬೇರೆ ಎಂದು ವಿದ್ವಾಂಸರೂ ಬಹುಕಾಲ ತಿಳಿದಿದ್ದರು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಉಪನ್ಯಾಸವೊಂದರಲ್ಲಿ ತಂತಿಗೆ ವಿದ್ಯುತ್ತು ಹರಿಸಿದಾಗ ಬಳಿಯಲ್ಲಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ಎರಡೂ ಒಂದೇ ಮನೆಯವೆಂಬ ಸುಳಿವು ಪಾಠದ ಮೇಜಿನ ಮೇಲೆಯೇ ಸಿಕ್ಕಿತು. ಹೆಚ್ಚು ಶಾಲೆ ಕಾಣದೆ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತ ಮೈಕೇಲ್ ಫ್ಯಾರಡೆ 1831ರಲ್ಲಿ ಅದನ್ನು ತಿರುವುಮುರುವು ಮಾಡಿ, ಚಲಿಸುವ ಅಯಸ್ಕಾಂತದಿಂದ ವಿದ್ಯುತ್ತನ್ನು ಪಡೆದ. ಶಿವನಸಮುದ್ರದ ವಿದ್ಯುದಾಗಾರ ನಿಂತಿರುವುದು ಈ ತತ್ತ್ವದ ಮೇಲೆಯೇ. 1902ರಲ್ಲಿ ಅಲ್ಲಿಂದ 90 ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಹಾಸನ ಜಿಲ್ಲೆಯ ಹೇಮಾವತಿ ಕಾವೇರಿಯನ್ನು ಸೇರುವುದು ಶಿವನಸಮುದ್ರಕ್ಕಿಂತ ಮೇಲೆ. ಆ ಚಕ್ರಗಳನ್ನು ತಿರುಗಿಸಿದ ನೀರಿನಲ್ಲಿ ಹೊಳೆನರಸೀಪುರದ ಮುಂದೆ ಹರಿದ ನೀರೂ ಸೇರಿತ್ತು. ಹಾಸನದಲ್ಲಿ 1982ರಲ್ಲಿ ಆರಂಭವಾದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಅವು ಭೂಮಿಯ ನೆರಳಿಗೆ ಬಂದು ಸೂರ್ಯನ ಬೆಳಕು ತಪ್ಪಿದಾಗ ಅವುಗಳನ್ನು ಎಚ್ಚರವಾಗಿಡುವುದು ಬ್ಯಾಟರಿಯೇ. ಶಾಂತಿಗ್ರಾಮದ ಮಗುವಿಗೆ ಈ ಪಾಠ ದೂರದ್ದಲ್ಲ.

ಇಷ್ಟೆಲ್ಲಕ್ಕೆ ಹೊತ್ತೆಲ್ಲಿದೆ, ಪರೀಕ್ಷೆಗೆ ಬೇಕಾದುದು ವ್ಯಾಖ್ಯೆ ತಾನೆ ಎಂದು ಉಪಾಧ್ಯಾಯ ಮಿತ್ರರು ಹೇಳುತ್ತಾರೆ. ಅವರ ಕಷ್ಟವನ್ನು ನಾನು ಬಲ್ಲೆ. ಆದರೆ ಪರೀಕ್ಷೆಯ ಆಚೆಗೆ ಏನಾಗುತ್ತದೆಂಬುದನ್ನು ನೋಡಬೇಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗು ಪಿಯುಸಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡರೆ ಪಾಠ ಇಂಗ್ಲಿಷಿಗೆ ಹೊರಳುತ್ತದೆ. ಒಂದು ಬೇಸಗೆ ರಜೆ ಕಳೆಯುವುದರೊಳಗೆ ವಿಭವಾಂತರ ಹೋಗಿ ಪೊಟೆನ್ಷಿಯಲ್ ಡಿಫರೆನ್ಸ್ ಬರುತ್ತದೆ, ರೋಧ ಹೋಗಿ ರೆಸಿಸ್ಟೆನ್ಸ್ ಬರುತ್ತದೆ. ಪದವನ್ನಷ್ಟೇ ಕಲಿತವನು ಆ ಬೇಸಗೆಯಲ್ಲಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ವಸ್ತುವನ್ನು ಕಲಿತವನು ಹೆಸರನ್ನು ಮಾತ್ರ ಬದಲಾಯಿಸಿಕೊಳ್ಳುತ್ತಾನೆ. ವಿಜ್ಞಾನವನ್ನು ಬಿಟ್ಟು ಹೊರಬಂದ ಜಾಣ ಹುಡುಗ ಹುಡುಗಿಯರನೇಕರು ನನ್ನ ಕನ್ನಡ ತರಗತಿಯಲ್ಲಿ ಬಂದು ಕುಳಿತದ್ದುಂಟು. ಅವರು ಬಂದುದು ಸಾಹಿತ್ಯಕ್ಕೆ ಲಾಭವಿರಬಹುದು. ಸೋತೆವೆಂದುಕೊಂಡು ಬಂದುದು ಯಾರಿಗೂ ಲಾಭವಲ್ಲ.

ಇದರಿಂದ ಕನ್ನಡದಲ್ಲಿ ವಿಜ್ಞಾನವನ್ನು ಕಲಿಸಲಾಗದೆಂಬ ತೀರ್ಮಾನಕ್ಕೆ ಹಾರುವವರಿದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಲು ಮುಂದಾದರು, ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಭಾಷೆಗೆ ಶಕ್ತಿ ಸಾಲದೆಂಬ ಸಂದೇಹ ಅವರಿಗೆ ಇರಲಿಲ್ಲ. ಕೊರತೆಯಿರುವುದು ನಾವು ಹಿಡಿದಿರುವ ಕ್ರಮದಲ್ಲಿ. ಮೊದಲು ಕೈಗೆ ವಸ್ತು, ಆಮೇಲೆ ಮಗುವಿನದೇ ಮಾತು, ಅದರ ಮೇಲೆ ಶಾಸ್ತ್ರದ ಪದ, ಕಡೆಯಲ್ಲಿ ವ್ಯಾಖ್ಯೆ. ಒಂದು ಸೂಜಿ, ಒಂದು ಮೊಳೆ, ಒಂದು ಗೇಣು ತಾಮ್ರದ ತಂತಿ, ನಾಲ್ಕು ಆಲೂಗಡ್ಡೆ ಇಷ್ಟನ್ನು ಒದಗಿಸಲಾರದಷ್ಟು ಬಡತನ ನಮ್ಮ ಯಾವ ಶಾಲೆಗೂ ಇಲ್ಲ. ಬರುವ ವಾರದ ಪಾಠವನ್ನು ಇವುಗಳಿಂದ ಆರಂಭಿಸಬಹುದು.