ನಾಣ್ಯ ಯಾವುದು, ಬಿಲ್ಲೆ ಯಾವುದು?

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಕಾರ್ಯಕರ್ತರ ಕೂಟದಲ್ಲಿ ಮಾಡಿದ ಭಾಷಣ)



ಆನವಟ್ಟಿಯಲ್ಲಿ ಒಬ್ಬ ತರುಣ ನಮ್ಮನ್ನು ತಡೆದು ನಿಲ್ಲಿಸಿ, "ಮೇಷ್ಟ್ರೆ, ಒಂದನ್ನು ಕಾಯಿನ್ ಅಂತಾರೆ, ಇನ್ನೊಂದನ್ನು ಟೋಕನ್ ಅಂತಾರೆ. ಎರಡೂ ಮೊಬೈಲಿನಲ್ಲೇ ಇರ್ತಾವೆ, ಎರಡಕ್ಕೂ ರೇಟಿದೆ. ವ್ಯತ್ಯಾಸ ಏನು?" ಎಂದು ಕೇಳಿದ. ಮೆಕ್ಕೆಜೋಳ ಮಾರಿದ ಹಣದಲ್ಲಿ 40,000 ರೂಪಾಯಿಗಳನ್ನು ಆಗಲೇ ಯಾವುದೋ ಆಪ್‌ಗೆ ಹಾಕಿದ್ದ. ಮೊದಲೇ ಕೇಳಬಾರದಿತ್ತೆ ಎಂದು ನಾವು ಬೈಯಲಿಲ್ಲ. ಈಗಲಾದರೂ ಕೇಳಿದನಲ್ಲ.

ನಮ್ಮ ಸೀಮೆಯವರಿಗೆ ಈ ವ್ಯತ್ಯಾಸ ಹೊಸದಲ್ಲ. ಕೆಳದಿಯ ಅರಸರು ಇಕ್ಕೇರಿ ವರಹ ಹೊರಡಿಸಿದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ವರಹದ ಮೇಲಿನ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರ ಒತ್ತಿಸಿದ. ಅರಸುತನ ಹೋಯಿತು, ವರಹ ನಡೆಯಿತು. ಅದು ನಾಣ್ಯ. ಇನ್ನು ಬಸ್ಸಿನ ಕಂಡಕ್ಟರು ಚಿಲ್ಲರೆಯಿಲ್ಲವೆಂದು ಟಿಕೆಟಿನ ಹಿಂದೆ ಹತ್ತು ರೂಪಾಯಿ ಎಂದು ಗೀಚಿಕೊಡುತ್ತಾನಲ್ಲ, ಅದು ಬಿಲ್ಲೆ. ಶಿರಾಳಕೊಪ್ಪದಲ್ಲಿ ಆತ ಇಳಿದುಹೋದನೆಂದರೆ ಆ ಹತ್ತು ರೂಪಾಯಿಯೂ ಇಳಿದುಹೋಯಿತು.

ಆದರೆ ಮೊಬೈಲಿನ ನಾಣ್ಯದಲ್ಲಿ ಚಿನ್ನವೂ ಇಲ್ಲ, ತಾಮ್ರವೂ ಇಲ್ಲ. ಚಿನ್ನದ ಜಾಗದಲ್ಲಿರುವುದು ಒಂದು ಲೆಕ್ಕದ ಪುಸ್ತಕ. ಬ್ಲಾಕ್‌ಚೈನ್ ಎನ್ನುವುದು ಇದನ್ನೇ. ಶಾನುಭೋಗರ ಖಿರ್ದಿಯ ನಕಲು ಊರಿನ ಮನೆಮನೆಯಲ್ಲೂ ಇದೆ ಎಂದು ತಿಳಿಯಿರಿ. ಒಂದು ಮನೆಯಲ್ಲಿ ತಿದ್ದಿದರೆ ಉಳಿದ ಮನೆಗಳು ಒಪ್ಪುವುದಿಲ್ಲ. ಹೀಗೆ ತನ್ನದೇ ಪುಸ್ತಕವುಳ್ಳದ್ದು ಕಾಯಿನ್. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಅಂಥದು, ಅದು 2.1 ಕೋಟಿಗೆ ಮೀರಿ ಹುಟ್ಟಬಾರದೆಂದು ಅದರ ನಿಯಮದಲ್ಲೇ ಇದೆ. 2015ರ ಈಥೀರಿಯಂನ ಈಥರ್ ಕೂಡ ಅಂಥದೇ.

ಟೋಕನ್‌ಗೆ ಸ್ವಂತ ಪುಸ್ತಕವಿಲ್ಲ. ಬೇರೆಯವರ ಪುಸ್ತಕದಲ್ಲಿ ಒಂದು ಹಾಳೆ ಹಿಡಿದು, "ಇಷ್ಟು ಬಿಲ್ಲೆಗಳು, ಇಂಥ ಹೆಸರು" ಎಂದು ಬರೆದರೆ ಟೋಕನ್ ಹುಟ್ಟಿತು. ಈಥೀರಿಯಂನಲ್ಲಿ ಇದಕ್ಕೊಂದು ಸಿದ್ಧ ಮಾದರಿಯೇ ಇದೆ. ಪಳಗಿದವನಿಗೆ ಒಂದು ಮಧ್ಯಾಹ್ನದ ಕೆಲಸ. ಸಂತೆ ಮತ್ತೊಬ್ಬರದಾದ್ದರಿಂದ ಸುಂಕವನ್ನೂ ಅವರ ನಾಣ್ಯದಲ್ಲೇ ಕಟ್ಟಬೇಕು: ಈಥೀರಿಯಂ ಮೇಲಿನ ಟೋಕನ್ ಕಳಿಸುವುದಕ್ಕೆ ನಿಮ್ಮ ಬಳಿ ಈಥರ್ ಇರಬೇಕು. ಡಾಲರಿಗೆ ಸಮವೆನ್ನುವ ಟೆಥರ್ ಕೂಡ ಟೋಕನ್ನೇ. ಹೊರಡಿಸಿದ ಕಂಪನಿ ಬೇಕೆಂದರೆ ಯಾವುದೇ ಖಾತೆಯಲ್ಲಿರುವ ಟೆಥರನ್ನು ಸ್ತಂಭನಗೊಳಿಸಬಲ್ಲುದು. ಬಿಟ್‌ಕಾಯಿನ್ ಪುಸ್ತಕದಲ್ಲಿ ಹಾಗೆ ಮಾಡಬಲ್ಲ ಕಂಪನಿ ಇಲ್ಲ.

ಕಾಗೋಡಿನ ನೆನಪು ಬರುವುದು ಇಲ್ಲಿಯೇ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಗೇಣಿದಾರರು ಎದ್ದು ನಿಂತಾಗ ಅವರ ಸಿಟ್ಟಿನ ಒಂದು ಮುಖ್ಯ ಕಾರಣ ಕೊಳಗವಾಗಿತ್ತು. ಭತ್ತ ಒಕ್ಕಲಿನದು, ಅಳೆಯುವ ಕೊಳಗ ಒಡೆಯನದು, ಅದೂ ದೊಡ್ಡದು. ಟೋಕನ್ ಹಿಡಿದವನ ಸ್ಥಿತಿಯೂ ಅದೇ. ಎಷ್ಟು ಹೊರಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಬಹಳ ಸಲ ಹೊರಡಿಸಿದವನ ಕೈಯಲ್ಲೇ ಇರುತ್ತದೆ.

ಇದು ಬರೀ ಮಾತಲ್ಲ. 2015ರಲ್ಲಿ ಆರಂಭವಾದ ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ, ಬಿಟ್‌ಕಾಯಿನ್ ಹೂಡಿರಿ, ತಿಂಗಳಿಗೆ ಶೇಕಡ 10ರಂತೆ 18 ತಿಂಗಳು ಬಿಟ್‌ಕಾಯಿನ್ನಿನಲ್ಲೇ ಕೊಡುತ್ತೇವೆ ಎಂದಿತು. ಹೊಸಬರ ಹಣ ಬತ್ತಿದಾಗ ಏನು ಕೊಟ್ಟರು ಗೊತ್ತೆ? ತಾವೇ ಹೊರಡಿಸಿದ ಎಂಕ್ಯಾಪ್ ಎಂಬ ಬಿಲ್ಲೆ! ಬಿಟ್‌ಕಾಯಿನ್ನಿನ ಮುಂದೆ ಅದರ ಬೆಲೆ ತೀರ ಅಲ್ಪ. ಕಾಯಿನ್ ಕೊಟ್ಟು ಟೋಕನ್ ತಂದ ಜನ ಪೊಲೀಸು ಠಾಣೆ ಹತ್ತಿದರು. 2025ರ ಫೆಬ್ರವರಿಯಲ್ಲಿ ಸಿ.ಬಿ.ಐ. 60ಕ್ಕೂ ಹೆಚ್ಚು ಕಡೆ ಶೋಧಿಸಿತು. ಅದರಲ್ಲಿ ನಮ್ಮ ಬೆಂಗಳೂರೂ ಇತ್ತು.

ಹಾಗಾದರೆ ಕಾಯಿನ್ ಕೊಳ್ಳಿರೆಂದು ನಾವು ಹೇಳುತ್ತಿದ್ದೇವೆಯೆ? ಇಲ್ಲ. ಬಿಟ್‌ಕಾಯಿನ್ ಗಣಿಯಂತ್ರಗಳು ಇಂದು ಬಂಡವಾಳಗಾರರ ಕೊಟ್ಟಿಗೆಯಲ್ಲಿವೆ. 2016ರಲ್ಲಿ ದೊಡ್ಡ ಕಳ್ಳತನವಾದಾಗ ಈಥೀರಿಯಂನ ಬಹುಪಾಲು ಮಂದಿ ಸೇರಿ ಪುಸ್ತಕದ ಲೆಕ್ಕವನ್ನೇ ಬದಲಿಸಿದರು. ಒಪ್ಪದವರು ಹಳೆಯ ಪುಸ್ತಕವನ್ನೇ ಹಿಡಿದು ಬೇರೆಯಾದರು. ಬೆಲೆಯಂತೂ ಅಡಿಕೆ ಧಾರಣೆಯನ್ನೂ ನಾಚಿಸುವಂತೆ ಏರಿಳಿಯುತ್ತದೆ. ನಮ್ಮ ಸರ್ಕಾರಕ್ಕೆ ಕಾಯಿನ್ನೂ ಒಂದೇ, ಟೋಕನ್ನೂ ಒಂದೇ: 2022ರಿಂದ ಲಾಭಕ್ಕೆ ಶೇಕಡ 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ಇನ್ನು ಕೆಲವಕ್ಕೆ ಹೆಸರಿನಲ್ಲಿ ಕಾಯಿನ್ ಇರುತ್ತದೆ, ಆದರೆ ಸ್ವಂತ ಪುಸ್ತಕವೂ ಇಲ್ಲ, ಎರವಲು ಹಾಳೆಯೂ ಇಲ್ಲ. ಪರದೆಯ ಮೇಲೆ ಅಂಕಿ ಏರುತ್ತದೆ, ಅಷ್ಟೆ. ಆನವಟ್ಟಿಯ ತರುಣನ ಆಪ್ ತೆರೆದು ನೋಡಿದೆವು. ಹೆಸರು ಕಾಯಿನ್, 40,000 ಈಗ 61,000 ಆಗಿತ್ತು. ಇದು ಯಾವ ಪುಸ್ತಕದಲ್ಲಿ ಬರೆದಿದೆ ಎಂದು ಕೇಳಿದೆವು. ಅವನಿಗೂ ಗೊತ್ತಿಲ್ಲ, ಆಪ್‌ನಲ್ಲೂ ಇಲ್ಲ. ಸಾವಿರ ರೂಪಾಯಿಯಷ್ಟನ್ನು ಹೊರಗೆ ತೆಗೆದು ನೋಡಪ್ಪ ಎಂದೆವು. ಮೂರನೆಯ ದಿನ ಫೋನು ಮಾಡಿದ. ತೆಗೆಯಬೇಕಾದರೆ ಮೊದಲು 12,000 ರೂಪಾಯಿ ಶುಲ್ಕ ಕಟ್ಟಬೇಕೆಂದು ಉತ್ತರ ಬಂದಿದೆಯಂತೆ. ಕಟ್ಟಿಲ್ಲ. ಅವನೊಡನೆ ಅದೇ ಆಪ್‌ಗೆ ಹಣ ಹಾಕಿದ ಇನ್ನೂ ಆರು ಜನ ಶಿಕಾರಿಪುರದ ಕಡೆ ಇದ್ದಾರೆ. ಅವರ ಊರುಗಳನ್ನು ಬರೆದುಕೊಂಡಿದ್ದೇವೆ. ಈ ಕೂಟ ಮುಗಿದ ಮೇಲೆ ಯಾರು ಯಾವ ಊರಿಗೆ ಹೋಗುವಿರೆಂದು ಹೇಳಿ.